ಮಕ್ಕಳ ರಕ್ಷಣೆಯ ಇಲಾಖೆಗಳಲ್ಲಿ ಮೇಲಿನ ಅಧಿಕಾರಿಗಳು ನಿಜವಾಗಿ ಏನು ಮಾಡಬೇಕು?

ಬಯಲುಸೀಮೆ

ಎಲ್ಲರಿಗೂ ನಮಸ್ಕಾರ. ನಾನು ಒಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೆಲಸ ಮಾಡುತ್ತೇನೆ. ಜಿಲ್ಲೆಯ ಹೆಸರು ಬೇಡ. ತುಂಬಾ ದಿನದಿಂದ ಕಾಡುತ್ತಿರುವ ವಿಷಯ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಯಾವುದಾದರೂ ಮಗುವಿಗೆ ಅನ್ಯಾಯ ಆದಾಗ ಬೆರಳು ಹೋಗುವುದು ಕೆಳಗಿನವರ ಕಡೆಗೆ. ಅಂಗನವಾಡಿಯವರು ತಿಳಿಸಲಿಲ್ಲ, ಸಮಾಜ ಕಾರ್ಯಕರ್ತರು ಮನೆಗೆ ಹೋಗಲಿಲ್ಲ, ಬಾಲಮಂದಿರದ ಅಧೀಕ್ಷಕರು ನೋಡಿಕೊಳ್ಳಲಿಲ್ಲ. ಇವರ ಮೇಲಿದ್ದವರು ಏನು ಮಾಡಬೇಕಿತ್ತು ಅಂತ ಕೇಳುವವರು ಕಡಿಮೆ.

ಒಂದು ಕಡತದ ಬಗ್ಗೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ. ಶಾಲೆ ಬಿಟ್ಟ ಹುಡುಗಿ, ತಂದೆ ಇಲ್ಲ, ತಾಯಿ ಇಟ್ಟಿಗೆ ಭಟ್ಟಿ ಕೆಲಸಕ್ಕೆ ಹೋಗುತ್ತಾರೆ. ಮದುವೆ ಮಾತುಕತೆ ನಡೀತಿದೆ ಅಂತ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಬಂತು. ಮಗುವಿನ ಬಗ್ಗೆ ಆದೇಶ ಕೊಡುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಅವಳನ್ನು ಹಾಜರುಪಡಿಸಿ ಬಾಲಮಂದಿರಕ್ಕೆ ಸೇರಿಸಿದೆವು. ಆಮೇಲಿನ ಪ್ರಶ್ನೆ ಒಂದೇ. ತಾಯಿಗೆ ಪ್ರಾಯೋಜಕತ್ವದ ನೆರವು ಕೊಡಿಸಿ ಮಗುವನ್ನು ಮನೆಗೆ ಕಳಿಸುವುದಾ, ಇಲ್ಲಾ ಬಾಲಮಂದಿರದಲ್ಲೇ ಇಟ್ಟು ಓದಿಸುವುದಾ?

ನಮ್ಮ ಕಡೆಯಿಂದ ಮೇಲಿನ ಅಧಿಕಾರಿಗೆ ವರದಿ ಹೋಯಿತು. ಟಿಪ್ಪಣಿ ಹಾಳೆ ವಾಪಸ್ ಬಂದಾಗ ಅದರಲ್ಲಿ "ಪರಿಶೀಲಿಸಿ ಮಂಡಿಸಿ" ಅಂತ ಇತ್ತು. ಪರಿಶೀಲಿಸಿ ಮಂಡಿಸಿದೆವು. ಮುಂದಿನ ಸಲ "ಚರ್ಚಿಸಿ" ಅಂತ ಬಂತು. ಚರ್ಚಿಸಲು ಹೋದರೆ ಸಾಹೇಬರು ಸಭೆಯಲ್ಲಿದ್ದರು. ಮೂರನೇ ಸಲ "ನಿಯಮಾನುಸಾರ ಕ್ರಮ ವಹಿಸಿ". ಅಷ್ಟರಲ್ಲಿ ಅವರಿಗೆ ವರ್ಗಾವಣೆ ಆಯಿತು. ಬಂದವರು ಪ್ರಭಾರದಲ್ಲಿದ್ದರು, ಅವರು ಹಳೆಯ ಕಡತ ಮುಟ್ಟಲಿಲ್ಲ. ಹುಡುಗಿ ಪ್ರತಿ ಭಾನುವಾರ ಗೇಟಿನ ಹತ್ತಿರ ತಾಯಿಗಾಗಿ ಕಾಯುತ್ತಿದ್ದಳು. ಮನೆಗೆ ಹೋಗುವುದಾ, ಇಲ್ಲೇ ಶಾಲೆಗೆ ಸೇರುವುದಾ ಅಂತ ಅವಳಿಗೆ ಹೇಳಲು ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಆ ಹಾಳೆಯಲ್ಲಿ ಯಾರೂ ತಪ್ಪು ಬರೆದಿಲ್ಲ. ನಿರ್ಧಾರವನ್ನೂ ಯಾರೂ ಬರೆದಿಲ್ಲ. ನನ್ನ ಮಟ್ಟಿಗೆ ನಾಯಕತ್ವ ಸ್ಪಷ್ಟವಾಗಿಲ್ಲ ಅಂದ್ರೆ ಇದೇ. ಹಿರಿಯ ಹುದ್ದೆಯಲ್ಲಿ ಇದ್ದವರು, ಬೇರೆ ದೇಶದಲ್ಲಿ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ. ನಿಮ್ಮ ಕಡೆ ಇದು ಹೇಗೆ ನಡೆಯುತ್ತದೆ?

ಯಾರ್ಕ್‌ಷೈರ್ ಕನ್ನಡತಿ

ಬಯಲುಸೀಮೆಯವರೇ, ಓದಿ ಸಂಕಟ ಆಯಿತು. ನಾನು ಧಾರವಾಡದ ಕಡೆಯವಳು. ಈಗ ಇಂಗ್ಲೆಂಡಿನಲ್ಲಿ ಮಕ್ಕಳ ಸಮಾಜ ಸೇವಾ ವಿಭಾಗದಲ್ಲಿದ್ದೇನೆ. ಇಲ್ಲಿ ಎಲ್ಲ ಸರಿ ಇದೆ ಅಂತ ಹೇಳಲು ಬರೆಯುತ್ತಿಲ್ಲ. ನೀವು ಕೇಳಿದ ಪ್ರಶ್ನೆಯನ್ನು ಈ ದೇಶ ಒಂದು ಮಗು ಸತ್ತ ಮೇಲೆ ಕೇಳಿಕೊಂಡಿತು.

ಅವಳ ಹೆಸರು ವಿಕ್ಟೋರಿಯಾ ಕ್ಲಿಂಬಿ. ಐವರಿ ಕೋಸ್ಟ್‌ನಲ್ಲಿ ಹುಟ್ಟಿದವಳು. ಒಳ್ಳೆಯ ಓದು ಸಿಗಲಿ ಅಂತ ಹೆತ್ತವರು ಒಬ್ಬ ಸಂಬಂಧಿಕ ಹೆಂಗಸಿನ ಜೊತೆ ಯುರೋಪಿಗೆ ಕಳಿಸಿದರು. ಲಂಡನ್ನಿನಲ್ಲಿ ಆ ಹೆಂಗಸು ಮತ್ತು ಆಕೆಯ ಗೆಳೆಯ ಮಗುವಿಗೆ ತಿಂಗಳುಗಟ್ಟಲೆ ಹಿಂಸೆ ಕೊಟ್ಟರು. 2000ದ ಫೆಬ್ರವರಿಯಲ್ಲಿ ಅವಳು ತೀರಿಕೊಂಡಾಗ ವಯಸ್ಸು 8. ಮೈಮೇಲೆ 128 ಗಾಯದ ಗುರುತುಗಳಿದ್ದವು.

ಇದು ಯಾರಿಗೂ ಗೊತ್ತಿಲ್ಲದ ಮನೆಯಲ್ಲಿ ನಡೆದದ್ದಲ್ಲ. ಲಂಡನ್ನಿನ ನಾಲ್ಕು ಸ್ಥಳೀಯ ಆಡಳಿತಗಳು, ಎರಡು ಆಸ್ಪತ್ರೆಗಳು, ಪೊಲೀಸರ ಎರಡು ಮಕ್ಕಳ ರಕ್ಷಣಾ ತಂಡಗಳು, ಎಲ್ಲರ ಕಡತದಲ್ಲೂ ಅವಳಿದ್ದಳು. ಲಾರ್ಡ್ ಲ್ಯಾಮಿಂಗ್ ಅವರ ವಿಚಾರಣಾ ವರದಿ 2003ರಲ್ಲಿ ಬಂತು. ಅವಳನ್ನು ಉಳಿಸಿಕೊಳ್ಳಲು ಕನಿಷ್ಠ 12 ಅವಕಾಶಗಳಿದ್ದವು ಅಂತ ಅದು ಹೇಳಿತು. 108 ಶಿಫಾರಸುಗಳಿದ್ದವು.

ಎಲ್ಲಕ್ಕಿಂತ ಮುಖ್ಯವಾದದ್ದು ಅದರಲ್ಲಿ ಇನ್ನೊಂದಿದೆ. ದೊಡ್ಡ ವೈಫಲ್ಯ ಮನೆಗೆ ಹೋದ ಸಮಾಜ ಕಾರ್ಯಕರ್ತೆಯದಲ್ಲ, ಮೇಲಿನ ವ್ಯವಸ್ಥಾಪಕರದು ಅಂತ ಲ್ಯಾಮಿಂಗ್ ಬರೆದರು. ಕೆಲಸಕ್ಕೆ ಸಾಕಷ್ಟು ಜನ, ಹಣ, ಮಾರ್ಗದರ್ಶನ ಇದೆಯಾ ಅಂತ ನೋಡಬೇಕಾದವರು ಅವರೇ ಅಲ್ವಾ? ವಿಚಾರಣೆಯಲ್ಲಿ ಕೆಲವು ಹಿರಿಯರು ತಮಗೆ ವಿಷಯ ಗೊತ್ತೇ ಇರಲಿಲ್ಲ ಅಂದರು. ಗೊತ್ತಿಲ್ಲ ಅನ್ನುವುದನ್ನು ಲ್ಯಾಮಿಂಗ್ ನೆಪವಾಗಿ ಒಪ್ಪಲಿಲ್ಲ. ಗೊತ್ತು ಮಾಡಿಕೊಳ್ಳುವುದೇ ಅವರ ಕೆಲಸ.

ಆಮೇಲೆ 2004ರ ಮಕ್ಕಳ ಕಾಯ್ದೆ ಬಂತು. ಪ್ರತಿ ಸ್ಥಳೀಯ ಆಡಳಿತಕ್ಕೂ ಮಕ್ಕಳ ಸೇವೆಗಳ ನಿರ್ದೇಶಕರು ಅಂತ ಒಬ್ಬರು ಇರಲೇಬೇಕು. ಮಕ್ಕಳ ಶಿಕ್ಷಣ, ಮಕ್ಕಳ ಸಮಾಜ ಸೇವೆ ಎರಡೂ ಅವರ ಹೊಣೆ. ಚುನಾಯಿತ ಕೌನ್ಸಿಲರ್‌ಗಳಲ್ಲೂ ಒಬ್ಬರು ಮಕ್ಕಳ ಹೊಣೆ ಹೊರಬೇಕು. ಏನಾದರೂ ಆದರೆ ಯಾರನ್ನು ಕೇಳಬೇಕು ಅನ್ನುವುದಕ್ಕೆ ಕಾನೂನಿನಲ್ಲೇ ಉತ್ತರ ಇದೆ. ನಿಮ್ಮ ಕಡತಕ್ಕೆ ಬೇಕಿದ್ದದ್ದು ಅದೇ.

ನಿವೃತ್ತ ಡಿಡಿ

ಬಯಲುಸೀಮೆ ತಾಯಿ, ನಿನ್ನ ಬೇಸರ ಅರ್ಥವಾಗುತ್ತದೆ. ಆದರೆ ಇಂಗ್ಲೆಂಡಿನ ನಿರ್ದೇಶಕರನ್ನು ನಮ್ಮ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿಗೆ ಹೋಲಿಸಬೇಡಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಉಪ ನಿರ್ದೇಶಕನಾಗಿದ್ದೆ, ಒಳಗಿನ ಕಷ್ಟ ಬಲ್ಲೆ. ರಕ್ಷಣಾಧಿಕಾರಿಯ ಕೈಯಲ್ಲಿ ಶಾಲೆ ಇಲ್ಲ, ಪೊಲೀಸ್ ಇಲ್ಲ, ಆಸ್ಪತ್ರೆ ಇಲ್ಲ. ಮಗುವಿನ ಬಗ್ಗೆ ಆದೇಶ ಕೊಡುವ ಅಧಿಕಾರವೂ ಇಲ್ಲ, ಅದು ಸಮಿತಿಯದು. ಜಿಲ್ಲಾಧಿಕಾರಿಗಳ ಸಭೆಯಲ್ಲಿ ಮಕ್ಕಳ ರಕ್ಷಣೆಯ ಸರದಿ ಬರುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ.

ಪ್ರಗತಿ ಪರಿಶೀಲನೆ ಅಂದರೆ ಮೊದಲ ಪ್ರಶ್ನೆ ಅನುದಾನ ಎಷ್ಟು ಖರ್ಚಾಯಿತು ಅಂತ. ಎಷ್ಟು ಬಾಲ್ಯವಿವಾಹ ತಡೆದಿರಿ ಅಂತ ಎರಡನೆಯದು. ತಡೆದ ಮೇಲೆ ಆ ಹುಡುಗಿ ಮತ್ತೆ ಶಾಲೆಗೆ ಹೋದಳಾ ಅಂತ ಕೇಳಿದ ಹಿರಿಯರನ್ನು ನಾನು ಬೆರಳೆಣಿಕೆಯಷ್ಟು ಕಂಡಿದ್ದೇನೆ. ಅವರ ಜಿಲ್ಲೆಗಳಲ್ಲಿ ಕೆಲಸವೇ ಬೇರೆ ರೀತಿ ನಡೆಯುತ್ತಿತ್ತು. ಯಾಕೆಂದರೆ ಮೇಲಿನವರು ಏನು ಕೇಳುತ್ತಾರೋ ಕೆಳಗಿನವರು ಅದನ್ನೇ ಮಾಡುತ್ತಾರೆ.

ಮಲೆನಾಡಿನವನು

ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಒಂದು ಅವಧಿ ಸದಸ್ಯನಾಗಿದ್ದೆ. ಡಿಡಿ ಸರ್ ಹೇಳಿದ್ದಕ್ಕೆ ಒಂದಿಷ್ಟು ಸೇರಿಸುತ್ತೇನೆ.

2015ರ ಬಾಲನ್ಯಾಯ ಕಾಯ್ದೆಯಲ್ಲಿ ಗಡುವುಗಳು ಸ್ಪಷ್ಟವಾಗಿವೆ. ಮಗುವನ್ನು 24 ಗಂಟೆಯೊಳಗೆ ಸಮಿತಿಯ ಮುಂದೆ ತರಬೇಕು. ಸಾಮಾಜಿಕ ತನಿಖಾ ವರದಿ 15 ದಿನದಲ್ಲಿ ಮುಗಿಯಬೇಕು. ಮಗು ಮೊದಲು ಹಾಜರಾದ ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಆಗಬೇಕು. ಸಮಿತಿ ತಿಂಗಳಿಗೆ ಕನಿಷ್ಠ 20 ದಿನ ಕೂರಬೇಕು. ಒಬ್ಬ ಅಧ್ಯಕ್ಷರು, ನಾಲ್ಕು ಸದಸ್ಯರು, ಮ್ಯಾಜಿಸ್ಟ್ರೇಟರ ಅಧಿಕಾರ. ಅಂದರೆ ಅಧಿಕಾರಿಗಳು ಸಮಿತಿಗೆ "ಹೀಗೇ ಆದೇಶ ಮಾಡಿ" ಅನ್ನುವಂತಿಲ್ಲ. ಅದು ಸರಿಯಾದ ವ್ಯವಸ್ಥೆಯೇ. ಮಗುವಿನ ಹಿತಕ್ಕೆ ಇಲಾಖೆಯ ಹೊರಗಿನ ಕಣ್ಣೊಂದು ಬೇಕು.

ಆದರೆ ಸಮಿತಿ ಸ್ವತಂತ್ರ ಅನ್ನುವ ಮಾತನ್ನು ಎರಡೂ ಕಡೆಯವರು ಗುರಾಣಿ ಮಾಡಿಕೊಂಡಿದ್ದಾರೆ. ವರದಿ ಬಂದಿಲ್ಲ ಅಂತ ಸಮಿತಿ ಕಾಯುತ್ತದೆ. ಆದೇಶ ಬಂದಿಲ್ಲ ಅಂತ ಘಟಕ ಕಾಯುತ್ತದೆ. ಅದಕ್ಕೇ 2021ರ ತಿದ್ದುಪಡಿ ಮುಖ್ಯ ಅಂತ ನನಗನಿಸುವುದು. ರಕ್ಷಣಾ ಘಟಕ ಜಿಲ್ಲಾಧಿಕಾರಿಗಳ ಅಡಿಯಲ್ಲಿ ಬಂತು. ಸಮಿತಿಯ ಕೆಲಸವನ್ನೂ ಮೂರು ತಿಂಗಳಿಗೊಮ್ಮೆ ಜಿಲ್ಲಾಧಿಕಾರಿಗಳು ಪರಿಶೀಲಿಸಬೇಕು. ದತ್ತು ಆದೇಶವೂ ನ್ಯಾಯಾಲಯದಿಂದ ಅವರ ಕೈಗೆ ಬಂತು. ಪೊಲೀಸ್, ಶಿಕ್ಷಣ, ಆರೋಗ್ಯ, ಪಂಚಾಯಿತಿ ಎಲ್ಲರನ್ನೂ ಒಂದೇ ಮೇಜಿಗೆ ಕರೆಸುವ ಶಕ್ತಿ ಇರುವುದು ಅವರಿಗೇ. ಆದೇಶ ಏನಿರಬೇಕು ಅಂತ ಹೇಳುವ ಹಕ್ಕು ಅವರಿಗಿಲ್ಲ. ಆದೇಶ ಯಾಕೆ ತಡವಾಯಿತು ಅಂತ ಕೇಳುವ ಹಕ್ಕು ಇದೆ. ಈ ವ್ಯತ್ಯಾಸ ಗೊತ್ತಿರುವ ಜಿಲ್ಲಾಧಿಕಾರಿ ಒಬ್ಬರು ಬಂದರೆ ಕಡತಗಳು ಓಡಾಡುತ್ತವೆ. ಒಂದು ವರ್ಷ ಅದನ್ನು ಹತ್ತಿರದಿಂದ ನೋಡಿದ್ದೇನೆ.

ಬಾಲಮಂದಿರದ ಹುಡುಗ

ನಾನು ಹೆಚ್ಚು ಬರೆಯುವವನಲ್ಲ. ಆರನೇ ಕ್ಲಾಸಿನಿಂದ 18 ತುಂಬುವ ತನಕ ಬಾಲಮಂದಿರದಲ್ಲಿದ್ದೆ. ದೊಡ್ಡ ಸಾಹೇಬರು ಬರುವ ದಿನ ನಮಗೆ ಬೆಳಿಗ್ಗೆನೇ ಗೊತ್ತಾಗುತ್ತಿತ್ತು. ಹೊಸ ಬೆಡ್‌ಶೀಟ್ ಹಾಕುತ್ತಿದ್ದರು, ಊಟಕ್ಕೆ ಪಾಯಸ ಇರುತ್ತಿತ್ತು. ಸಾಲಾಗಿ ನಿಲ್ಲಿಸಿ ಅಧೀಕ್ಷಕರ ಎದುರಲ್ಲೇ "ಏನಾದರೂ ತೊಂದರೆ ಇದೆಯಾ?" ಅಂತ ಕೇಳುತ್ತಿದ್ದರು. ಇಲ್ಲ ಸಾರ್ ಅನ್ನುತ್ತಿದ್ದೆವು.

ಒಬ್ಬ ಮೇಡಂ ಮಾತ್ರ ಹೇಳದೆ ಸಂಜೆ ಬಂದರು. ಅಡುಗೆ ಮನೆಯಲ್ಲಿ ನಮ್ಮ ಜೊತೆ ಕೂತು ಊಟ ಮಾಡಿದರು. ಆಮೇಲೆ ಒಬ್ಬೊಬ್ಬರನ್ನೇ ಮೈದಾನದ ಕಡೆ ಕರೆದುಕೊಂಡು ಹೋಗಿ ಮಾತಾಡಿಸಿದರು. ನನಗೆ ಐಟಿಐಗೆ ಸೇರಬೇಕು ಅಂತಿದೆ ಅಂತ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅವರ ಹತ್ತಿರ. 18 ಆದಮೇಲೂ 21ರ ತನಕ ಅನುಪಾಲನೆ, ಅಂದರೆ ಬಾಲಮಂದಿರ ಬಿಟ್ಟ ಮೇಲಿನ ನೆರವು, ಸಿಗಬಹುದು ಅಂತ ಅವರೇ ತಿಳಿಸಿದ್ದು, ಅರ್ಜಿ ಹಾಕಿಸಿದ್ದೂ ಅವರೇ. ಈಗ ಕೆಲಸದಲ್ಲಿದ್ದೇನೆ. ಹಿರಿಯ ಅಧಿಕಾರಿಗಳು ಇಲ್ಲಿ ಯಾರಾದರೂ ಓದುತ್ತಿದ್ದರೆ ಸರ್, ಮೇಡಂ, ಹೇಳದೆ ಬನ್ನಿ. ಸಿಬ್ಬಂದಿ ಇಲ್ಲದ ಕಡೆ ಕೂರಿಸಿ ಮಾತಾಡಿಸಿ.

ಯಾರ್ಕ್‌ಷೈರ್ ಕನ್ನಡತಿ

ತಮ್ಮಾ, ನೀನು ಬರೆದಿದ್ದನ್ನು ಓದಿ ಸ್ವಲ್ಪ ಹೊತ್ತು ಏನೂ ಟೈಪ್ ಮಾಡಲಾಗಲಿಲ್ಲ. ಮಕ್ಕಳ ಮಾತನ್ನು ಮೇಲಿನವರು ಕೇಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಾನಿರುವ ಕಡೆಯದೇ ಒಂದು ಉದಾಹರಣೆ ಇದೆ. ಊರಿನ ಹೆಸರು ರಾದರ್‌ಹ್ಯಾಮ್. ಅಲ್ಲಿ 1997ರಿಂದ 2013ರ ನಡುವೆ ಸುಮಾರು 1,400 ಮಕ್ಕಳ ಮೇಲೆ ಲೈಂಗಿಕ ಶೋಷಣೆ ನಡೆದಿತ್ತು ಅಂತ ಅಲೆಕ್ಸಿಸ್ ಜೇ ಅವರ ವರದಿ 2014ರಲ್ಲಿ ಅಂದಾಜು ಮಾಡಿತು. ಅದೂ ಕಡಿಮೆ ಹಿಡಿದ ಅಂದಾಜು. ಕೆಳಗೆ ಮಕ್ಕಳ ಜೊತೆ ಕೆಲಸ ಮಾಡುವವರು ವರ್ಷಗಟ್ಟಲೆ ಹೇಳುತ್ತಲೇ ಇದ್ದರು. 2002, 2003, 2006ರಲ್ಲಿ ವರದಿಗಳೇ ತಯಾರಾಗಿದ್ದವು. ಮೊದಲ ವರದಿಯ ಅಂಕಿಅಂಶವನ್ನು ಹಿರಿಯ ಅಧಿಕಾರಿಗಳು ನಂಬಲಿಲ್ಲ, ಅದನ್ನು ಅದುಮಿದರು. ಕೊನೆಗೆ 2015ರಲ್ಲಿ ಸರ್ಕಾರ ಆ ಕೌನ್ಸಿಲ್ ನಡೆಸಲು ತನ್ನ ಕಮಿಷನರ್‌ಗಳನ್ನೇ ಕಳಿಸಬೇಕಾಯಿತು. ಕೆಟ್ಟ ಸುದ್ದಿ ತರುವವರನ್ನು ಮೇಲಿನವರು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನುವುದರ ಮೇಲೆ ಎಷ್ಟು ಮಕ್ಕಳ ಬದುಕು ನಿಂತಿರುತ್ತದೆ ನೋಡಿ.

ಆಪ್ತಸಮಾಲೋಚಕಿ

ಅಕ್ಕಾ, ಆದರೆ ನೀವು ಹೇಳಿದ ಹಾಗೆ ಇಂಥವರೇ ಹೊಣೆ ಅಂತ ಒಬ್ಬರ ಹೆಸರು ಬರೆದುಬಿಟ್ಟರೆ ಏನಾದರೂ ಆದಾಗ ಅವರ ತಲೆ ಉರುಳಿಸಿ ಉಳಿದವರು ಕೈತೊಳೆದುಕೊಳ್ಳುತ್ತಾರೆ, ಅಲ್ವಾ? ನಾನು ಗುತ್ತಿಗೆ ನೌಕರಳು. ಮೇಲೆ ಒತ್ತಡ ಬಂದರೆ ಮೆಮೊ ಇಳಿದು ಬರುವುದು ನಮ್ಮ ತನಕ. ವೇತನ ತಡವಾದಾಗಲೂ ಸುಮ್ನೆ ಕೆಲಸ ಮಾಡುತ್ತೇವೆ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ) ಪ್ರಕರಣದ ಮಗುವಿನ ಜೊತೆ ದಿನವಿಡೀ ಕೂತು ಬಂದರೆ ನಮ್ಮನ್ನು ಕೂರಿಸಿ "ಹೇಗಿದ್ದೀಯಮ್ಮ" ಅಂತ ಕೇಳುವವರು ಬೇಕು. ನಾಯಕತ್ವದ ಬಗ್ಗೆ ಮಾತಾಡುವಾಗ ಇದೂ ಬರಲಿ.

ಯಾರ್ಕ್‌ಷೈರ್ ಕನ್ನಡತಿ

ನೀವು ಕೇಳಿದ್ದು ಸರಿಯಾಗಿದೆ. ಇಲ್ಲಿ ಅದೇ ಆಯಿತು. 2007ರ ಆಗಸ್ಟಿನಲ್ಲಿ ಲಂಡನ್ನಿನ ಹ್ಯಾರಿಂಗೇಯಲ್ಲಿ ಪೀಟರ್ ಕಾನೆಲ್ಲಿ ಅನ್ನುವ 17 ತಿಂಗಳ ಮಗು ತೀರಿಕೊಂಡಿತು. ವಿಕ್ಟೋರಿಯಾ ಸತ್ತಾಗ ಅವಳ ಹೊಣೆ ಹೊತ್ತಿದ್ದ ಆಡಳಿತವೇ ಅದು. ಪತ್ರಿಕೆಗಳು ಸಮಾಜ ಕಾರ್ಯಕರ್ತರ ಮೇಲೆ ಮುಗಿಬಿದ್ದವು. 2008ರ ಡಿಸೆಂಬರಿನಲ್ಲಿ ಸಚಿವರ ಆದೇಶದಿಂದ ನಿರ್ದೇಶಕಿ ಶರನ್ ಶೂಸ್ಮಿತ್ ಅವರನ್ನು ತೆಗೆದರು. ತೆಗೆದ ರೀತಿ ನ್ಯಾಯವಾಗಿರಲಿಲ್ಲ ಅಂತ ಮೇಲ್ಮನವಿ ನ್ಯಾಯಾಲಯ 2011ರಲ್ಲಿ ಹೇಳಿತು.

ಆ ಭಯ ಇಡೀ ದೇಶಕ್ಕೆ ಹರಡಿತು. ಮಕ್ಕಳನ್ನು ಮನೆಯಿಂದ ತೆಗೆದು ಆರೈಕೆಗೆ ಒಪ್ಪಿಸಿ ಅಂತ ಕೋರ್ಟಿಗೆ ಹೋಗುವ ಅರ್ಜಿಗಳು ಒಮ್ಮೆಲೇ ಜಾಸ್ತಿಯಾದವು. ಐಲೀನ್ ಮನ್ರೋ ಅವರ 2011ರ ವರದಿ ಇದರ ಮೂಲಕ್ಕೇ ಕೈಹಾಕಿತು. ನಿಯಮದ ಮೇಲೆ ನಿಯಮ ಹೇರಿದರೆ ಕಾರ್ಯಕರ್ತರು ಕಂಪ್ಯೂಟರಿನ ಮುಂದೆ ಫಾರಂ ತುಂಬುತ್ತಾ ಕೂರುತ್ತಾರೆ, ಮಗುವಿನ ಜೊತೆ ಕೂರುವುದಿಲ್ಲ ಅಂತ ಹೇಳಿತು.

ಹಾಗಾಗಿ ಸ್ಪಷ್ಟ ನಾಯಕತ್ವ ಅಂದಾಗ ನಾನು ಬೈಸಿಕೊಳ್ಳಲು ಒಬ್ಬರನ್ನು ಹುಡುಕುತ್ತಿಲ್ಲ. ಅಪಾಯ ಇರುವ ನಿರ್ಧಾರವನ್ನು ಕಾರ್ಯಕರ್ತರ ಜೊತೆ ಕೂತು ತೆಗೆದುಕೊಂಡು, ಕಾರಣ ಬರೆದು, ಸಹಿ ಹಾಕುವವರು ಬೇಕು. "ತಾಯಿಯ ಹತ್ತಿರ ಕಳಿಸುತ್ತಿದ್ದೇವೆ. ಮದುವೆ ಮಾಡುವ ಅಪಾಯ ಇದೆ. ಅದಕ್ಕೆ ವಾರಕ್ಕೊಮ್ಮೆ ಭೇಟಿ, ಶಾಲೆಯ ಹಾಜರಿ ಪ್ರತಿ ದಿನ ಫೋನಿನಲ್ಲಿ ಕೇಳುವುದು. ನಿರ್ಧಾರ ನನ್ನದು." ಇಷ್ಟು ಬರೆದವರು ಮೇಲಿದ್ದರೆ ಕೆಳಗಿನವರು ಧೈರ್ಯವಾಗಿ ಕೆಲಸ ಮಾಡುತ್ತಾರೆ.

ಇಲ್ಲಿನ ಲೀಡ್ಸ್ ನಗರದ ಬಗ್ಗೆ ಹೇಳಲೇಬೇಕು. 2009ರಲ್ಲಿ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ ಅಲ್ಲಿನ ಮಕ್ಕಳ ಸೇವೆಯಲ್ಲಿ ಗಂಭೀರ ದೋಷ ಕಂಡಿತು. ಹೊಸ ನಾಯಕತ್ವ ಬಂತು. ಅವರು ಯೋಜನೆಗಳ ಪಟ್ಟಿ ಬೆಳೆಸಲಿಲ್ಲ. ಮೂರೇ ಗುರಿ ಇಟ್ಟುಕೊಂಡರು. ಸುರಕ್ಷಿತವಾಗಿ ಮನೆಯಲ್ಲೇ ಬೆಳೆಯುವ ಮಕ್ಕಳು ಹೆಚ್ಚಬೇಕು. ಶಾಲೆಯ ಹಾಜರಿ ಏರಬೇಕು. ಓದೂ ಇಲ್ಲದ, ಕೆಲಸವೂ ಇಲ್ಲದ ಹದಿಹರೆಯದವರು ಕಡಿಮೆಯಾಗಬೇಕು. ಗೀಳು ಹಿಡಿದ ಹಾಗೆ ಈ ಮೂರನ್ನೇ ಕೇಳಿದರು. ಪೊಲೀಸರನ್ನೂ, ಶಾಲೆಯವರನ್ನೂ, ವಸತಿ ವಿಭಾಗದವರನ್ನೂ. ಇಡೀ ಇಂಗ್ಲೆಂಡಿನಲ್ಲಿ ಆರೈಕೆಯಲ್ಲಿರುವ ಮಕ್ಕಳ ಸಂಖ್ಯೆ ಏರುತ್ತಿದ್ದಾಗ ಲೀಡ್ಸಿನಲ್ಲಿ ಕೆಲವು ವರ್ಷ ಇಳಿಯಿತು. 2015ರಲ್ಲಿ ಆಫ್‌ಸ್ಟೆಡ್ 'ಉತ್ತಮ' ಅಂದಿತು, 2018ರಲ್ಲಿ 'ಅತ್ಯುತ್ತಮ' ಅಂದಿತು.

ಅಲ್ಲಿ ತುಂಬಾ ಬಳಸಿದ ಒಂದು ದಾರಿ ಕುಟುಂಬ ಸಭೆ. ನ್ಯೂಜಿಲೆಂಡಿನ ಮಾವೋರಿ ಜನರ ಪದ್ಧತಿಯಿಂದ ಬಂದದ್ದು, ಆ ದೇಶ 1989ರಲ್ಲೇ ಅದನ್ನು ಕಾಯ್ದೆಗೆ ಸೇರಿಸಿತು. ಅಜ್ಜಿ, ಚಿಕ್ಕಪ್ಪ, ದೊಡ್ಡಮ್ಮ, ಬೇಕಿದ್ದರೆ ಪಕ್ಕದ ಮನೆಯವರೂ ಸೇರುತ್ತಾರೆ. ನಮ್ಮ ಚಿಂತೆ ಇದು ಅಂತ ಅಧಿಕಾರಿಗಳು ನೇರವಾಗಿ ಹೇಳಿ ಹೊರಗೆ ಹೋಗುತ್ತಾರೆ. ಕುಟುಂಬದವರೇ ಕೂತು ಯೋಜನೆ ಮಾಡುತ್ತಾರೆ. ಮಗು ಸುರಕ್ಷಿತ ಅನ್ನಿಸಿದರೆ ಮಾತ್ರ ಒಪ್ಪಿಗೆ.

ಇನ್ನು ಆಪ್ತಸಮಾಲೋಚಕಿಯವರು ಕೇಳಿದ್ದಕ್ಕೆ. ಇಲ್ಲಿ ನಮಗೆ ಮೇಲಿನವರ ಜೊತೆ ನಿಯಮಿತವಾಗಿ ಒಬ್ಬೊಬ್ಬರಾಗಿ ಕೂರುವ ಸಮಯ ಇರುತ್ತದೆ. ಅದು ಪರಿಶೀಲನಾ ಸಭೆ ಅಲ್ಲ. ನನ್ನ ಹಿಂದಿನ ಮ್ಯಾನೇಜರ್ ಪ್ರತಿ ಮಗುವಿನ ಬಗ್ಗೆಯೂ ಮೊದಲು ಕೇಳುತ್ತಿದ್ದದ್ದು, "ಈ ಮಗುವನ್ನು ಕೊನೆಯ ಸಲ ಒಂಟಿಯಾಗಿ ಮಾತಾಡಿಸಿದ್ದು ಯಾವಾಗ? ಏನು ಹೇಳಿತು?" ಆಮೇಲೆ "ಈ ಕೇಸಿನಲ್ಲಿ ನಿನಗೆ ನಿದ್ದೆಗೆಡಿಸುವುದು ಯಾವುದು?" ಕೊನೆಗೆ ನನ್ನ ಕೈಯಲ್ಲಿರುವ ಕೇಸುಗಳು ಜಾಸ್ತಿಯಾಗಿವೆಯಾ ಅಂತ ನೋಡಿ, ಬೇಕಿದ್ದರೆ ಒಂದನ್ನು ಬೇರೆಯವರಿಗೆ ಕೊಡುತ್ತಿದ್ದರು. ದುಡ್ಡು ಖರ್ಚಾಗದ ಕೆಲಸ ಇದು.

ಬಯಲುಸೀಮೆ

ಅಕ್ಕಾ, ಸರ್, ಎಲ್ಲರಿಗೂ ಧನ್ಯವಾದ. ಕುಟುಂಬ ಸಭೆಯ ಬಗ್ಗೆ ಓದಿದಾಗ ನಮ್ಮ ಹುಡುಗಿಯ ಅಜ್ಜಿ ನೆನಪಾದರು. ಅವರನ್ನು ನಮ್ಮ ಕಚೇರಿಗೆ ಯಾರೂ ಕರೆಸಿಯೇ ಇಲ್ಲ. ಮದುವೆ ಬೇಡ ಅಂತ ಮೊದಲು ಹಠ ಹಿಡಿದದ್ದು ಅವರೇ ಅಂತ ಅಂಗನವಾಡಿ ಕಾರ್ಯಕರ್ತೆ ಹೇಳಿದ್ದರು. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ತಿಂಗಳಿಗೆ 4,000 ರೂಪಾಯಿ. ಅಜ್ಜಿ ಜೊತೆಗಿದ್ದು ಅಷ್ಟು ಹಣವೂ ಬಂದರೆ ತಾಯಿ ಭಟ್ಟಿಗೆ ಹೋದಾಗಲೂ ಮಗು ಊರಲ್ಲೇ ಉಳಿದು ಶಾಲೆಗೆ ಹೋಗಬಹುದು.

ಈಗ ಹೊಸ ರಕ್ಷಣಾಧಿಕಾರಿ ಪೂರ್ಣಾವಧಿಗೆ ಬಂದಿದ್ದಾರೆ. ಕೇಳುವ ಮನಸ್ಸಿರುವವರು. ಅವರ ಮುಂದೆ ಇಡಲು ಒಂದು ಪುಟ ಬರೆದಿದ್ದೇನೆ. ನಾಲ್ಕು ತಿಂಗಳು ದಾಟಿದ ಮಕ್ಕಳ ಪಟ್ಟಿ ಪ್ರತಿ ಸೋಮವಾರ ಅವರ ಮೇಜಿನ ಮೇಲಿರಬೇಕು, ಪ್ರತಿ ಹೆಸರಿನ ಮುಂದೆ ಮುಂದಿನ ಹೆಜ್ಜೆ ಮತ್ತು ಅದು ಯಾರದು ಅಂತ ಇರಬೇಕು. ಸಮಿತಿಯ ಅಧ್ಯಕ್ಷರ ಜೊತೆ ತಿಂಗಳಿಗೊಂದು ಭೇಟಿ, ಆದೇಶದ ಬಗ್ಗೆ ಅಲ್ಲ, ತಡವಾದ ವರದಿಗಳ ಬಗ್ಗೆ. ಬಾಲಮಂದಿರಕ್ಕೆ ಹೇಳದೆ ಭೇಟಿ. ಗುತ್ತಿಗೆ ಸಿಬ್ಬಂದಿಯ ಜೊತೆ ಒಬ್ಬೊಬ್ಬರಾಗಿ ಕೂರುವ ಸಮಯ. ಇನ್ನೇನು ಸೇರಿಸಲಿ?

ಮಲೆನಾಡಿನವನು

ಪಂಚಾಯಿತಿ ಬಿಟ್ಟಿದ್ದೀರಿ. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ನಡೆಯುತ್ತದಲ್ಲ, ಅಲ್ಲಿ ಮಕ್ಕಳು ಎತ್ತಿದ ಪ್ರಶ್ನೆಗಳಲ್ಲಿ ರಕ್ಷಣೆಗೆ ಸೇರಿದವು ಪಿಡಿಒ ಹತ್ತಿರವೇ ಉಳಿದುಬಿಡುತ್ತವೆ. ಅವು ರಕ್ಷಣಾ ಘಟಕಕ್ಕೆ ಬರುವಂತೆ ಜಿಲ್ಲಾ ಪಂಚಾಯಿತಿ ಸಿಇಒ ಅವರಿಂದ ಒಂದು ಪತ್ರ ಹೊರಡಿಸಿ. ಶೌಚಾಲಯಕ್ಕೆ ಬಾಗಿಲಿಲ್ಲ, ಕುಡುಕರ ಕಾಟದಿಂದ ಸಂಜೆ ಟ್ಯೂಷನ್ನಿಗೆ ಹೋಗಲು ಭಯ, ಇಂಥವನ್ನು ಮಕ್ಕಳು ಅಲ್ಲಿ ಎಲ್ಲರೆದುರೇ ಹೇಳುತ್ತಾರೆ.

ನಿವೃತ್ತ ಡಿಡಿ

ಒಳ್ಳೆಯ ಪುಟ ತಾಯಿ. ಒಂದೇ ಮಾತು. ಇದನ್ನು ಬರೀ ಬಾಯಲ್ಲಿ ಒಪ್ಪಿಸಿಕೊಂಡು ಬರಬೇಡ. ಈ ಅಧಿಕಾರಿಗೂ ಒಂದು ದಿನ ವರ್ಗಾವಣೆ ಆಗುತ್ತದೆ. ಜಿಲ್ಲಾಧಿಕಾರಿಗಳ ಮುಂದಿನ ತ್ರೈಮಾಸಿಕ ಸಭೆಯಲ್ಲಿ ವಿಷಯಸೂಚಿಗೆ ಸೇರಿಸು. ತೀರ್ಮಾನ ಆದರೆ ಸಭಾ ನಡವಳಿಯಲ್ಲಿ ಹುದ್ದೆ, ಕೆಲಸ, ದಿನಾಂಕ ಮೂರೂ ಬರಲಿ. ಮುಂದಿನ ಸಭೆಯಲ್ಲಿ ತೀರ್ಮಾನ ಜಾರಿಯಾಯಿತಾ ಅನ್ನುವ ಅನುಪಾಲನಾ ವರದಿ ಕೇಳಲೇಬೇಕಾಗುತ್ತದೆ, ಆಗ ಕುರ್ಚಿಯಲ್ಲಿ ಯಾರಿದ್ದರೂ ಉತ್ತರ ಕೊಡಬೇಕು. ಆ ಹುಡುಗಿಯ ಕಡತಕ್ಕೆ ಮಾತ್ರ ಸಭೆಯ ತನಕ ಕಾಯಬೇಡ. ಅಜ್ಜಿಯ ಹೇಳಿಕೆ ಬರೆದುಕೊಂಡು ಪೂರಕ ವರದಿಯಾಗಿ ನಾಳೆಯೇ ಸಮಿತಿಗೆ ಕೊಡಿಸು.

ಬಯಲುಸೀಮೆ

ಆಯ್ತು ಸರ್. ಅಂಗನವಾಡಿ ಕಾರ್ಯಕರ್ತೆಗೆ ಈಗಷ್ಟೇ ಫೋನ್ ಮಾಡಿದೆ. ಅಜ್ಜಿ ಊರಲ್ಲೇ ಇದ್ದಾರಂತೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಹೊಸ ಮೇಡಂ ಕೂಡ ಬರುತ್ತೇನೆ ಅಂದಿದ್ದಾರೆ.